‘ಹಾಡು ಯಾರದಯ್ಯಾ?’

ನಾನು ಈ ಕಾಲೇಜಿನಲ್ಲಿ ಬಿ.ಎ. ಓದಿದ್ದು 1983ರಿಂದ 1986ರವರೆಗೆ. ತರಗತಿಯಲ್ಲಿ ಕೇಳಿದ್ದರಲ್ಲಿ ಬಹುಪಾಲು ಮರೆತಿದ್ದೇನೆ. ಆದರೆ ತಿಂಗಳಿಗೊಂದು ಶನಿವಾರ ಸಭಾಂಗಣದ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿಕೊಂಡು ನೋಡುತ್ತಿದ್ದ 16 ಮಿಲಿಮೀಟರಿನ ಚಿತ್ರಗಳನ್ನೂ, ದೀಪ ಹತ್ತಿದ ಕೂಡಲೇ ನಮ್ಮ ಇಂಗ್ಲಿಷ್ ಮೇಷ್ಟ್ರು ಕೇಳುತ್ತಿದ್ದ ಪ್ರಶ್ನೆಯನ್ನೂ ಮರೆತಿಲ್ಲ. “ಹಾಡು ಯಾರದಯ್ಯಾ?” ಎನ್ನುತ್ತಿದ್ದರು. ರಫಿಯದು, ಲತಾ ಅವರದು ಎಂದು ನಾವು ಕೂಗುತ್ತಿದ್ದೆವು. “ಹಾಡಿದವರನ್ನು ಕೇಳಲಿಲ್ಲ, ಬರೆದವರು ಯಾರು?” ಎಂದಾಗ ಯಾರ ಬಾಯಿಂದಲೂ ಮಾತು ಹೊರಡುತ್ತಿರಲಿಲ್ಲ.

ತಿಳಿದುಕೊಳ್ಳಲು ದಾರಿಯಿರಲಿಲ್ಲವೆಂದು ಹೇಳುವಂತಿಲ್ಲ. ಮೈಸೂರಿನ ಚಿತ್ರಮಂದಿರಗಳ ಮುಂದೆ ಚಿಲ್ಲರೆ ಕಾಸಿಗೆ ಹಾಡಿನ ಪುಸ್ತಕ ಸಿಗುತ್ತಿತ್ತು. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಎಂದು ಮುಗಿಸುತ್ತಿದ್ದ ಆ ಪುಸ್ತಕದ ಹಾಡುಗಳೆಲ್ಲ ನಮಗೆ ಬಾಯಿಪಾಠ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಎಂಬ ಹೆಸರುಗಳು ಅಲ್ಲೇ ಸಣ್ಣಕ್ಷರದಲ್ಲಿದ್ದರೂ ನಮ್ಮ ಕಣ್ಣು ಅತ್ತ ಹೋಗುತ್ತಿರಲಿಲ್ಲ.

ಈ ಕುರುಡು ಬಿಡಿಸಲೆಂದೇ ಇರಬೇಕು, ನನ್ನ ಎರಡನೆಯ ವರ್ಷ ಮೇಷ್ಟ್ರು ಹಾಡು ಬರೆಯುವವರನ್ನೂ ಹಾಡಿನ ವ್ಯಾಪಾರವನ್ನೂ ಕುರಿತ ಚಿತ್ರಗಳನ್ನೇ ಆರಿಸಿದರು. ಹಾಲಿವುಡ್ಡು 1940ರ ದಶಕದಲ್ಲಿ ಗೀತರಚನಕಾರರ ಜೀವನಕಥೆಗಳನ್ನು ಸಾಲುಸಾಲಾಗಿ ತೆಗೆದಿತ್ತು. ಕೋಲ್ ಪೋರ್ಟರ್ ಪಾತ್ರದಲ್ಲಿ ಕ್ಯಾರಿ ಗ್ರಾಂಟ್ ನಟಿಸಿದ ‘ನೈಟ್ ಅಂಡ್ ಡೇ’ (1946), ರಾಜರ್ಸ್ ಮತ್ತು ಹಾರ್ಟ್ ಜೋಡಿಯ ಕಥೆಯಾದ ‘ವರ್ಡ್ಸ್ ಅಂಡ್ ಮ್ಯೂಸಿಕ್’ (1948) ಇಂಥವು. ಚರಿತ್ರೆಯೆಂದು ನೋಡಿದರೆ ಇವು ಬಹಳ ತೆಳು. ನನಗೆ ಹಾಡುಗಳ ನಡುವಿನ ಕಥೆ ನೆನಪೇ ಇಲ್ಲ. ರೀಲು ಬದಲಿಸುವ ಬಿಡುವಿನಲ್ಲಿ ಮೇಷ್ಟ್ರು ಹೇಳುತ್ತಿದ್ದುದೇ ಹೆಚ್ಚು ರುಚಿಯಾಗಿರುತ್ತಿತ್ತು. ನ್ಯೂಯಾರ್ಕಿನ 28ನೆಯ ಬೀದಿಯಲ್ಲಿ ಹಾಡುಗಳನ್ನು ಹಾಳೆಗಳಲ್ಲಿ ಅಚ್ಚುಹಾಕಿ ಮಾರುವ ಪ್ರಕಾಶಕರ ಕಚೇರಿಗಳು ಒತ್ತೊತ್ತಾಗಿದ್ದವಂತೆ. ಎಲ್ಲ ಕಿಟಕಿಗಳಿಂದಲೂ ಒಟ್ಟಿಗೇ ಹೊರಬೀಳುತ್ತಿದ್ದ ಪಿಯಾನೋಗಳ ಸದ್ದು ತಗಡು ಬಡಿದಂತೆ ಕೇಳುತ್ತಿದ್ದುದರಿಂದ ಆ ಜಾಗಕ್ಕೆ ‘ಟಿನ್ ಪ್ಯಾನ್ ಆ್ಯಲಿ’ ಎಂಬ ಹೆಸರು ಬಂತಂತೆ. ಮುಂದೆ ಹೆಸರಾಂತ ಸಂಗೀತ ಸಂಯೋಜಕನಾದ ಜಾರ್ಜ್ ಗರ್ಶ್ವಿನ್ ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು ಅಂಥದೊಂದು ಕಚೇರಿಯಲ್ಲಿ, ಬಂದ ಗಿರಾಕಿಗಳಿಗೆ ಹೊಸ ಹಾಡುಗಳನ್ನು ನುಡಿಸಿ ತೋರಿಸುವ ಕೆಲಸಕ್ಕೆ ಸೇರಿದನೆಂದು ಕೇಳಿದಾಗ, ದೇವರಾಜ ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಹೂವು ಮಾರುವ ಹುಡುಗರು ನನ್ನ ಕಣ್ಣಿಗೆ ಕಟ್ಟಿದರು.

‘ಸಿಂಗಿನ್ ಇನ್ ದಿ ರೇನ್’ (1952) ಮಾತ್ರ ಎಲ್ಲರನ್ನೂ ಕುರ್ಚಿಯ ತುದಿಗೆ ತಂದು ಕೂರಿಸಿತು. ಕೀರಲು ದನಿಯ ತಾರೆ ಲೀನಾಳಿಗೆ ಹೊಸ ಹುಡುಗಿ ಕ್ಯಾಥಿ ಮರೆಯಲ್ಲಿ ನಿಂತು ಕಂಠ ಕೊಡುತ್ತಾಳೆ. ಕೊನೆಗೆ ಪರದೆ ಎಳೆದಾಗ ಗುಟ್ಟು ರಟ್ಟಾಗುತ್ತದೆ. ಹಿನ್ನೆಲೆ ಗಾಯನವನ್ನು ಸಹಜವೆಂದೇ ತಿಳಿದು ಬೆಳೆದ ನಮಗೆ ಇದರಲ್ಲೇನು ಅಪರಾಧವೆಂದು ಮೊದಲು ಹೊಳೆಯಲಿಲ್ಲ. ಮೇಷ್ಟ್ರು ಇನ್ನೊಂದು ಪದರ ಬಿಚ್ಚಿದರು: ಕ್ಯಾಥಿಯಾಗಿ ನಟಿಸಿದ ಡೆಬಿ ರೆನಾಲ್ಡ್ಸ್ ಲೀನಾಳಿಗಾಗಿ ಹಾಡುವಂತೆ ತೋರಿಸುವ ಹಾಡಿನಲ್ಲಿ ನಿಜವಾಗಿ ಕೇಳುವುದು ಬೆಟ್ಟಿ ನಾಯ್ಸ್ ಎಂಬಾಕೆಯ ದನಿ, ಸಂಭಾಷಣೆಗೆ ಕಂಠ ಕೊಡುವ ದೃಶ್ಯದಲ್ಲಿ ಕೇಳುವುದು ಲೀನಾ ಪಾತ್ರಧಾರಿ ಜೀನ್ ಹೇಗನ್‌ಳದೇ ಸ್ವಂತ ದನಿ. ಕದ್ದ ದನಿಯ ಕಥೆ ಹೇಳುವ ಚಿತ್ರವೇ ಹೀಗೆ! ಅದರ ಹಾಡುಗಳಲ್ಲಿ ಬಹುತೇಕ ಹಳೆಯ ಚಿತ್ರಗಳಿಗಾಗಿ ಆರ್ಥರ್ ಫ್ರೀಡ್ ಬರೆದವು, ಮತ್ತು ಈ ಚಿತ್ರದ ನಿರ್ಮಾಪಕನೂ ಆತನೇ. ಹಾಡು ಬರೆದವನೇ ಯಜಮಾನನಾದರೆ ಅವನ ಹೆಸರು ಅಳಿಸುವವರಾರು?

‘ಪ್ಯಾಸಾ’ (1957) ತೋರಿಸಿದ ಸಂಜೆ ಯಾರೂ ಕೂಗಲಿಲ್ಲ. ಕವಿ ವಿಜಯನ ಪದ್ಯಗಳನ್ನು ಅವನ ಅಣ್ಣಂದಿರೇ ರದ್ದಿಗೆ ಹಾಕುತ್ತಾರೆ. ಅವನು ಸತ್ತನೆಂದು ಜನ ನಂಬಿದ ಮೇಲೆ ಪ್ರಕಾಶಕ ಘೋಷ್ ಅದೇ ಪದ್ಯಗಳನ್ನು ಅಚ್ಚುಮಾಡಿ ಹಣ ಬಾಚುತ್ತಾನೆ, ಅಣ್ಣಂದಿರು ಪಾಲು ಕೇಳಲು ಬರುತ್ತಾರೆ, ವಿಜಯ ಬದುಕಿ ಎದುರು ನಿಂತರೆ ಎಲ್ಲರೂ ಸೇರಿ ಇವನು ಅವನಲ್ಲವೆನ್ನುತ್ತಾರೆ. ಅದೇ 1957ರಲ್ಲಿ ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ ಬಂತು, ವಿವಿಧ ಭಾರತಿಯೂ ಆರಂಭವಾಯಿತು ಎಂದು ಮೇಷ್ಟ್ರು ಹೇಳಿದ್ದರು. ಮುಂದೆ ನಾನು ಕಾನೂನು ಓದುವಾಗ, ಬೇರೆ ಒಪ್ಪಂದವಿಲ್ಲದಿದ್ದರೆ ನಿರ್ಮಾಪಕರು ಹಣ ಕೊಟ್ಟು ಬರೆಸಿದ ಹಾಡಿಗೆ ಅವರೇ ಮೊದಲ ಒಡೆಯರೆಂಬ ಸರ್ವೋಚ್ಚ ನ್ಯಾಯಾಲಯದ 1977ರ ತೀರ್ಪು ಎದುರಾದಾಗ ಘೋಷನ ಮುಖವೇ ಕಂಡಂತಾಯಿತು. 2012ರ ತಿದ್ದುಪಡಿಯಿಂದ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ, ಚಿತ್ರಮಂದಿರದ ಪ್ರದರ್ಶನವೊಂದನ್ನು ಬಿಟ್ಟು ಉಳಿದ ಬಳಕೆಗಳಲ್ಲಿ ರಾಯಧನದ ಸಮಪಾಲು ದಕ್ಕಿತು. ಉದಯಶಂಕರ್ ತೀರಿಕೊಂಡು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು.

‘ಪ್ಯಾಸಾ’ದ ಬಳಿಕ ಅದರ ಹಾಡು ಬರೆದ ಸಾಹಿರ್ ಲುಧಿಯಾನ್ವಿ ಮತ್ತು ಸಂಗೀತ ಕೊಟ್ಟ ಎಸ್.ಡಿ. ಬರ್ಮನ್ ಒಟ್ಟಿಗೆ ಕೆಲಸ ಮಾಡಲಿಲ್ಲ. ಹಾಡಿನ ಕೀರ್ತಿ ಮಾತಿನದೋ ರಾಗದ್ದೋ ಎಂಬ ಮನಸ್ತಾಪವೇ ಕಾರಣವೆನ್ನುತ್ತಾರೆ. ಇದು ನನಗೆ ತಾಗಿದ್ದು ಆ ವರ್ಷದ ಕಾಲೇಜು ದಿನಾಚರಣೆಯಲ್ಲಿ. ಕುಕ್ಕರಹಳ್ಳಿ ಕೆರೆಯ ಸಂಜೆಯ ಮೇಲೆ ನಾನೊಂದು ಹಾಡು ಬರೆದಿದ್ದೆ. ಗೆಳೆಯ ಚೆನ್ನಾಗಿಯೇ ಹಾಡಿದ. ನಿರೂಪಕ ಅವನ ಹೆಸರು ಹೇಳಿದ, ತಬಲಾದವನ ಹೆಸರು ಹೇಳಿದ, ಹಾರ್ಮೋನಿಯಂ ಎರವಲು ಕೊಟ್ಟವರಿಗೂ ವಂದನೆ ಹೇಳಿದ; ನನ್ನ ಹೆಸರು ಬರಲೇ ಇಲ್ಲ. ಮರುದಿನ ಮೇಷ್ಟ್ರ ಬಳಿ ದೂರು ಒಯ್ದೆ. ಪೂರ್ತಿ ಕೇಳಿಸಿಕೊಂಡು, “ಮಟ್ಟು ಯಾರದಯ್ಯಾ?” ಎಂದರು. ಮಟ್ಟು ಜಿ.ಕೆ. ವೆಂಕಟೇಶ್ ಅವರ ಚಿತ್ರಗೀತೆಯೊಂದರದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಂಪನಿ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚುಹಾಕುತ್ತಿದ್ದರು, ಅಷ್ಟು ಮರ್ಯಾದೆ ಅವರಿಗಿತ್ತು ಎಂದು ಹೇಳಿ ಮೇಷ್ಟ್ರು ಉತ್ತರಪತ್ರಿಕೆ ತಿದ್ದಲು ಕುಳಿತರು.

ಮರುವರ್ಷ ಕಾರ್ಯಕ್ರಮದ ಪಟ್ಟಿಯನ್ನು ನಾನೇ ಕೇಳಿ ಪಡೆದು, ಸೂಚನಾ ಫಲಕದ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದೆ. ನನ್ನ ಹಾಡಿನ ಎದುರು ಮಟ್ಟಿನ ಮೂಲ, ಸಂಗೀತ ನಿರ್ದೇಶಕರು, ಗಾಯಕ, ತಬಲಾ, ಎಲ್ಲವೂ ಇದ್ದವು. ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಫಲಕದ ಮುಂದೆ ನಿಂತು ಓದಿ, ನನ್ನ ಕಡೆ ತಿರುಗಿ, “ಹಾಡು ಯಾರದಯ್ಯಾ?” ಎಂದರು. ನೋಡಿದರೆ, ಬರೆದವನ ಹೆಸರನ್ನು ಬರೆಯುವುದನ್ನೇ ನಾನು ಮರೆತಿದ್ದೆ.