ಹೊಸ ಸೆಪ್ಟಿಕ್ ಟ್ಯಾಂಕ್ ಅಂತ ಧೈರ್ಯ ಮಾಡಿ ಇಳಿಯಬೇಡಿ

ಹಳೇ ಪಿಟ್ಟಿಗೆ ಮನುಷ್ಯರನ್ನು ಇಳಿಸಬಾರದು ಅಂತ ಈಗ ಸುಮಾರು ಜನಕ್ಕೆ ಗೊತ್ತು. ಮಲ ಹೊರುವ ಕೆಲಸಕ್ಕೆ ಜನರನ್ನು ಹಚ್ಚಬಾರದು ಅನ್ನುವ 2013ರ ಕಾಯ್ದೆ ಬಂದ ಮೇಲಂತೂ ಸಕ್ಕಿಂಗ್ ಗಾಡಿಗೆ ಫೋನ್ ಮಾಡುವವರೇ ಜಾಸ್ತಿ. ನನಗೆ ಭಯ ಇರುವುದು ಹೊಸ ಟ್ಯಾಂಕಿನದ್ದು. ಕಮೋಡಿನಿಂದ ಇನ್ನೂ ಒಂದು ಚೊಂಬು ನೀರೂ ಬಿದ್ದಿರುವುದಿಲ್ಲ. ಗಲೀಜಿಲ್ಲ, ನಾತ ಇಲ್ಲ. ಸೆಂಟ್ರಿಂಗ್, ಅಂದರೆ ಸ್ಲ್ಯಾಬ್ ಗಟ್ಟಿಯಾಗುವ ತನಕ ಕೆಳಗಿನಿಂದ ಆನಿಸಿದ ಕಂಬ-ಹಲಗೆ, ಬಿಚ್ಚೋಕೆ ಅಂತ ಹುಡುಗರು ಏಣಿ ಇಟ್ಟು ಇಳಿದೇಬಿಡುತ್ತಾರೆ. ನಮ್ಮ ಕಟ್ಟಡ ಕೆಲಸದ ಲೈನಿನಲ್ಲಿ ಜೀವ ಹೋಗುವುದು ಹೀಗೂ ಉಂಟು.

ಸಾಗರದ ಕಡೆ ಒಂದು ಮನೆ ಕೆಲಸ. ಎರಡು ಚೇಂಬರಿನ ಟ್ಯಾಂಕ್. ಮಳೆ ಹಿಡಿಯುವ ಮುಂಚೆ ಮೇಲಿನ ಸ್ಲ್ಯಾಬ್ ಹಾಕಿಸಿದ್ದೆವು. ಆಮೇಲೆ ಮಳೆ ಬಿಡಲೇ ಇಲ್ಲ, ಕೆಲಸ ನಿಂತಿತು. ಒಳಗೆ ನೀಲಗಿರಿ ಕಂಬ, ಹಲಗೆ, ಪ್ಲೈವುಡ್ ಎಲ್ಲ ಹಾಗೇ, ಕೆಳಗೆ ಮೊಣಕಾಲುದ್ದ ನೀರು. ಅಷ್ಟರಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು. ಪಿಟ್ ಯಾವಾಗ ಹ್ಯಾಂಡೋವರ್ ಅಂತ ಆಫೀಸಿನಿಂದ ದಿನಾ ಫೋನು. ಒಳಗಿನ ಗಾಳಿ ಅಳೆಯುವ ಗ್ಯಾಸ್ ಮೀಟರ್ ಕೊಡಿಸಿ ಅಂತ ಮೊದಲೇ ಕೇಳಿದ್ದೆ. ಅದೆಲ್ಲ ದೊಡ್ಡ ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ), ಮನೆ ಪಿಟ್ಟಿಗೆ ಯಾಕೆ ಅಂದುಬಿಟ್ಟರು.

ಅವತ್ತು ಬೆಳಗ್ಗೆಯೇ ಮುಚ್ಚಳ ಸರಿಸಿ ಇಟ್ಟಿದ್ದೆವು. ಗಾಳಿ ಆಡಿರತ್ತೆ ಅನ್ನೋದು ಎಲ್ಲರ ಲೆಕ್ಕ, ನನ್ನದೂ. ಆದರೂ ಮನಸ್ಸು ತಡೆಯದೆ ಬಕೆಟ್ ಎಳೆಯುವ ಹಗ್ಗವನ್ನು ಹುಡುಗನ ಎದೆಗೆ, ಕಂಕುಳ ಕೆಳಗಿಂದ ಸುತ್ತಿ ಕಟ್ಟಿಸಿದೆ. "ಹೊಸ ಪಿಟ್ ಸಾರ್, ಏನಿರತ್ತೆ ಒಳಗೆ?" ಅಂದರು ಮೇಸ್ತ್ರಿ. ಹುಡುಗ ನಗುತ್ತಲೇ ಇಳಿದ. ತಲೆ ಸ್ಲ್ಯಾಬಿನಿಂದ ಕೆಳಗೆ ಹೋಯಿತು. ಸುತ್ತಿಗೆ ಕೊಡಲೇನೋ ಅಂತ ಕೇಳಿದೆ. ಉತ್ತರ ಇಲ್ಲ. ಬಗ್ಗಿ ನೋಡಿದರೆ ಏಣಿ ಹಿಡಿದಿದ್ದ ಕೈಬೆರಳು ಒಂದೊಂದೇ ಸಡಿಲ ಆಗುತ್ತಿದ್ದವು. ಕೂಗಲಿಲ್ಲ, ಕೆಮ್ಮಲಿಲ್ಲ. ಸುಮ್ನೆ ಹಿಂದಕ್ಕೆ ವಾಲಿದ, ಹಗ್ಗ ಬಿಗಿಯಾಯಿತು.

ಅಲ್ಲೇ ಕೆಲಸಕ್ಕಿದ್ದ ಅವನ ಅಣ್ಣ ಓಡಿಬಂದು ಏಣಿಗೆ ಕಾಲಿಟ್ಟ. ಅವನ ಸೊಂಟ ಹಿಡಿದು ಹಿಂದಕ್ಕೆ ಎಳೆದೆ. ಬೈದ, ಕೊಸರಾಡಿದ, ನಾನು ಬಿಡಲಿಲ್ಲ. "ಹಗ್ಗ ಎಳಿ, ಒಳಗೆ ಹೋಗಬೇಡ" ಅಂತ ಎಷ್ಟು ಸಲ ಕಿರುಚಿದೆನೋ. ಮೇಸ್ತ್ರಿ, ಡ್ರೈವರ್, ನಾವೆಲ್ಲ ಸೇರಿ ಎಳೆದೆವು. ಮ್ಯಾನ್‌ಹೋಲ್ ಬಾಯಲ್ಲಿ ಭುಜ ಸಿಕ್ಕಿಕೊಂಡಿತು. ತಿರುಗಿಸಿ, ಚರ್ಮ ತರಚಿಕೊಂಡೇ ಮೇಲೆ ತಂದೆವು. ತುಟಿ ನೀಲಿ. ಕವುಚಿ ಮಲಗಿಸಿದ ಮೇಲೆ ವಾಂತಿ ಮಾಡಿದ, ಉಸಿರು ಎಳೆದುಕೊಂಡ. ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು, ಹುಷಾರಾದ. ಅವತ್ತು ಅಣ್ಣನನ್ನು ಬಿಟ್ಟಿದ್ದರೆ ಎರಡು ಹೆಣ ಎತ್ತಬೇಕಿತ್ತು. ಪಿಟ್ಟಿನ ಸಾವುಗಳಲ್ಲಿ ಎರಡನೆಯವರು, ಮೂರನೆಯವರು ಬಹಳ ಸಲ ಕಾಪಾಡೋಕೆ ಹೋದವರೇ.

ಒಳಗೆ ಆಗುವುದು ಇಷ್ಟು. ಒದ್ದೆ ಮರ, ಪ್ಲೈವುಡ್ ನಿಂತ ನೀರಿನಲ್ಲಿ ಕೊಳೆಯುತ್ತವೆ. ಕೊಳೆಸುವ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಭಾರ. ಒಂದೇ ಮುಚ್ಚಳ ತೆಗೆದರೆ ಮೇಲಕ್ಕೆ ಬರುವುದಿಲ್ಲ, ಅಲ್ಲೇ ಕೂರುತ್ತದೆ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಇರತ್ತೆ. 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಲೇಬಾರದು. ತೀರಾ ಕಡಿಮೆಯಾದರೆ ಒಂದೆರಡು ಉಸಿರಿಗೇ ಎಚ್ಚರ ತಪ್ಪುತ್ತದೆ, ಏಣಿ ಹತ್ತಿ ವಾಪಸ್ ಬರುವಷ್ಟು ಟೈಮ್ ಸಿಗುವುದಿಲ್ಲ. ಮೇಣದಬತ್ತಿ ಇಳಿಸಿ ನೋಡುವ ಪದ್ಧತಿ ಬಿಟ್ಟುಬಿಡಿ. ಮೀಥೇನ್ ಇದ್ದರೆ ಬೆಂಕಿ ಹತ್ತುತ್ತದೆ. ಹೈಡ್ರೋಜನ್ ಸಲ್ಫೈಡ್ ಇದ್ದರೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬೀಳುತ್ತಾನೆ.

ಆ ಸ್ಲ್ಯಾಬನ್ನು ಕೊನೆಗೆ ಮೇಲಿನಿಂದಲೇ ಒಡೆಸಿದೆ. ಕಂಬಗಳನ್ನು ಕೊಕ್ಕೆ ಹಾಕಿ ಎಳೆಸಿದೆ. ಒಡೆದಿದ್ದಕ್ಕೆ ಆಫೀಸಿನವರು ಬಿಲ್ಲಿನಲ್ಲಿ ದುಡ್ಡು ಹಿಡಿದರು. ಹುಡುಗನ ಆಸ್ಪತ್ರೆ ಖರ್ಚಿನ ಮಾತು ಬಂದಾಗ ಒಬ್ಬರೂ ಫೋನ್ ಎತ್ತಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಅಲ್ಲಿಂದ ಮನೆ ಟ್ಯಾಂಕಿಗೆ ಜಾಗದಲ್ಲೇ ಸ್ಲ್ಯಾಬ್ ಹಾಕಿಸುವುದು ಬಿಟ್ಟೆ. ಪ್ಲಾಸ್ಟರಿಂಗ್, ನಡುಗೋಡೆ, ಎರಡೂ ಕಡೆಯ ಟೀ (T ಆಕಾರದ) ಪೈಪು, ಎಲ್ಲ ಮೇಲೆ ಆಕಾಶ ಕಾಣುವಾಗಲೇ ಮುಗಿಯಬೇಕು. ಔಟ್‌ಲೆಟ್ ಇನ್‌ಲೆಟ್‌ಗಿಂತ 50 ಮಿಲಿಮೀಟರ್ ಕೆಳಗಿದೆಯಾ ಅಂತ ಲೆವೆಲ್ ಟ್ಯೂಬ್ ಹಿಡಿದು ನೋಡುವುದೂ ಆಗಲೇ. ಮುಚ್ಚೋಕೆ ಅಂಗಳದಲ್ಲೇ ಅಚ್ಚು ಹಾಕಿದ ಪ್ರೀಕಾಸ್ಟ್ ಸ್ಲ್ಯಾಬ್, ಎರಡೂ ತುದಿಗೆ ಕಂಬಿ ಕೊಕ್ಕೆ ಇರಬೇಕು. ಗೋಡೆಯಿಂದ ಗೋಡೆಗೆ ಸಾಲಾಗಿ ಕೂರಿಸಿ ಸಂದಿಗೆ ಗಾರೆ ತುಂಬಿದರೆ ಆಯಿತು. ಸೆಂಟ್ರಿಂಗೇ ಇಲ್ಲ ಅಂದ ಮೇಲೆ ಬಿಚ್ಚೋಕೆ ಒಳಗೆ ಇಳಿಯುವವರು ಯಾರು? ಎತ್ತೋಕೆ ಜನ ಜಾಸ್ತಿ ಬೇಕು ಅಂತ ಮೇಸ್ತ್ರಿಗಳು ಗೊಣಗುತ್ತಾರೆ. ಗೊಣಗಲಿ.

ಈಗಾಗಲೇ ಸ್ಲ್ಯಾಬ್ ಹಾಕಿಸಿ ಮುಚ್ಚಿಟ್ಟಿದ್ದರೆ ಎರಡೂ ಮ್ಯಾನ್‌ಹೋಲ್ ತೆಗೆಸಿ, ಮಕ್ಕಳು ಹತ್ತಿರ ಹೋಗದ ಹಾಗೆ ಸುತ್ತ ಅಡ್ಡ ಕಟ್ಟಿಸಿ, ಗಾಳಿ ಊದುವ ಬ್ಲೋವರ್ ಪೈಪ್ ತಳದವರೆಗೆ ಬಿಡಿಸಿ. ಹಗ್ಗಕ್ಕೆ ಕಟ್ಟಿದ ಗ್ಯಾಸ್ ಮೀಟರ್ ತಳದಲ್ಲಿ ಏನು ತೋರಿಸುತ್ತೆ ಅಂತ ನೋಡದೆ ಯಾರನ್ನೂ ಇಳಿಸಬೇಡಿ. ಮೀಟರ್ ಇಲ್ಲ ಅನ್ನುವ ಕಂಟ್ರಾಕ್ಟರಿಗೆ ಕೆಲಸ ನಿಲ್ಲಿಸು ಅನ್ನಿ. ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯದೆ 112ಕ್ಕೆ ಫೋನ್ ಮಾಡಿ.