ಹಲ್ಲು ನೋಯದ ದಿನವೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ

ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಬಾಪೂಜಿ ಡೆಂಟಲ್ ಕಾಲೇಜು 1979ರಿಂದ ಇದೆ, ಆಮೇಲೆ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಬಂತು. ಪಕ್ಕದ ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜಿದೆ. ಖಾಸಗಿ ಕ್ಲಿನಿಕ್‌ಗಳ ಲೆಕ್ಕ ಬೇರೆ. ಆದರೂ ಹುಳುಕು ಹಲ್ಲಿಗೆ ಲವಂಗ ಒತ್ತಿಕೊಂಡು, ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ತಳ್ಳುವವರು ಎಷ್ಟೋ ಜನ. ಕೆಲವರಿಗೆ ದುಡ್ಡಿನ ಕಷ್ಟ, ಬಹಳ ಜನಕ್ಕೆ ಭಯ. ‘ಧೈರ್ಯ ತಗೋ, ಏನೂ ಆಗಲ್ಲ’ ಅಂದರೆ ಆ ಭಯ ಹೋಗುವುದಿಲ್ಲ. ಧೈರ್ಯಕ್ಕಿಂತ ಮುಖ್ಯ, ಯಾವಾಗ ಹೋಗುತ್ತೀರಿ ಅನ್ನುವುದು.

ನೋವು ತಡೆಯಲಾರದೆ, ಕೆನ್ನೆ ಊದಿಸಿಕೊಂಡು ಹೋದ ದಿನ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯದೆ ಹೋಗಬಹುದು. ಇದಕ್ಕೆ ಡಾಕ್ಟರ ಕೈ ಕಾರಣ ಎಂದುಕೊಳ್ಳಬೇಡಿ. ಆ ಇಂಜೆಕ್ಷನ್ನಿನಲ್ಲಿರುವ ಔಷಧಿ ಲಿಗ್ನೋಕೇನ್, ನರದ ಪೊರೆಯನ್ನು ದಾಟಿ ಒಳಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಔಷಧಿಯ ಅಷ್ಟೂ ಭಾಗ ಹಾಗೆ ದಾಟುವ ರೂಪದಲ್ಲಿ ಇರುವುದಿಲ್ಲ. ಆರೋಗ್ಯವಾಗಿರುವ ಮಾಂಸದ ಪಿಎಚ್, ಅಂದರೆ ಹುಳಿಯ ಅಳತೆ, ಸುಮಾರು 7.4 (ಈ ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು). ಅಲ್ಲಿ ಔಷಧಿಯ ಕಾಲು ಭಾಗದಷ್ಟು ದಾಟುವ ರೂಪದಲ್ಲಿರುತ್ತದೆ. ಕೀವು ಕಟ್ಟಿದ ಕಡೆ ಹುಳಿ ಹೆಚ್ಚು, ಪಿಎಚ್ 6ರ ಹತ್ತಿರಕ್ಕೂ ಇಳಿಯಬಹುದು. ಅಲ್ಲಿ ದಾಟುವುದು ನೂರಕ್ಕೆ ಒಂದು ಭಾಗದಷ್ಟು ಮಾತ್ರ. ಜೊತೆಗೆ ಬಾವು ಬಂದ ಜಾಗಕ್ಕೆ ರಕ್ತ ಹೆಚ್ಚು ನುಗ್ಗಿ ಔಷಧಿಯನ್ನು ಬೇಗ ತೊಳೆದುಕೊಂಡು ಹೋಗುತ್ತದೆ. ನರವೂ ಆಗಲೇ ಕೆರಳಿರುತ್ತದೆ. ಅಂಥ ದಿನ ಕೂತವರಿಗೆ ನಿಜವಾಗಿಯೂ ನೋಯುತ್ತದೆ. ಆಮೇಲೆ ಹತ್ತು ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಮತ್ತೆ ಹೋಗುವುದು ಕೀವಾದ ಮೇಲೆಯೇ. ಭಯ ಹೀಗೆ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ. ಅದೇ ಹಲ್ಲು ಬರೀ ಹುಳುಕಾಗಿದ್ದಾಗ ಅರ್ಧ ಗಂಟೆಯ ಸಿಮೆಂಟ್ ಕೆಲಸ ಆಗಿರುತ್ತಿತ್ತು, ಎಷ್ಟೋ ಸಲ ಇಂಜೆಕ್ಷನ್ನೂ ಬೇಕಾಗುತ್ತಿರಲಿಲ್ಲ.

ಆದ್ದರಿಂದ ಏನೂ ನೋವಿಲ್ಲದ ಒಂದು ವಾರ ನೋಡಿ ಶುರು ಮಾಡಿ. ಮೊದಲ ಸಲ ಬರೀ ತೋರಿಸಿಕೊಂಡು ಬನ್ನಿ. ಕನ್ನಡಿ, ಎಕ್ಸ್‌ರೇ ಅಷ್ಟೇ. ‘ಇವತ್ತು ನೋಡಿಸೋಕೆ ಮಾತ್ರ ಬಂದಿದೀನಿ, ಕೆಲಸ ಇನ್ನೊಂದು ದಿನ’ ಎಂದು ಕೂರುವ ಮುಂಚೆಯೇ ಹೇಳಿ. ಭಯ ತುಂಬಾ ಹೆಚ್ಚಿದ್ದರೆ ಇದನ್ನೂ ಒಡೆಯಬಹುದು: ಒಂದು ದಿನ ಹೊರಗಿನ ಬೆಂಚಿನಲ್ಲಿ ಹದಿನೈದು ನಿಮಿಷ ಕೂತು ಬನ್ನಿ, ಇನ್ನೊಂದು ದಿನ ಕುರ್ಚಿಯಲ್ಲಿ ಕೂತು ಬಾಯಿ ತೆರೆಯದೆ ಮಾತಾಡಿ, ಮೂರನೇ ದಿನ ಕನ್ನಡಿ. ಒಂದು ನಿಯಮ ಮಾತ್ರ ಬಿಡಬೇಡಿ. ಎದೆಬಡಿತ ಜೋರಾಗಿರುವಾಗಲೇ ಎದ್ದು ಬರಬೇಡಿ. ಸ್ವಲ್ಪ ಇಳಿಯುವ ತನಕ ಕೂತಿರಿ. ಓಡಿ ಬಂದಾಗ ಸಿಗುವ ನಿರಾಳ ಇದೆಯಲ್ಲ, ಓಡುವುದೇ ಸರಿ ಎಂದು ಮೆದುಳಿಗೆ ಪಾಠ ಹೇಳುವುದು ಅದೇ.

ಭಯ ಎಷ್ಟಿದೆ ಎಂದು ಅಳೆಯಲು ಡಾಕ್ಟರುಗಳು ಬಳಸುವ ಐದು ಪ್ರಶ್ನೆಗಳ ಪಟ್ಟಿಯೊಂದಿದೆ. ನಾಳೆ ಹಲ್ಲು ತೋರಿಸಬೇಕು ಅಂದರೆ ಹೇಗನ್ನಿಸುತ್ತದೆ? ಹೊರಗೆ ಕಾಯುವಾಗ? ಹಲ್ಲು ಕೊರೆಯುವಾಗ? ಕ್ಲೀನಿಂಗ್ ಮಾಡುವಾಗ? ಒಸಡಿಗೆ ಸೂಜಿ ಚುಚ್ಚುವಾಗ? ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಭಯ ತೀವ್ರವಾಗಿದೆ ಎಂದರ್ಥ. ಆ ಸಂಖ್ಯೆಯನ್ನು ಡಾಕ್ಟರಿಗೆ ಹೇಳಿ. ಒಟ್ಟು ಅಂಕಕ್ಕಿಂತ, ಯಾವ ಪ್ರಶ್ನೆಗೆ 5 ಹಾಕಿದಿರಿ ಅನ್ನುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸೂಜಿಯ ಭಯಕ್ಕೂ ಸದ್ದಿನ ಭಯಕ್ಕೂ ಮದ್ದು ಒಂದೇ ಅಲ್ಲ.

ಸೂಜಿಯಿಂದಲೇ ಶುರು ಮಾಡೋಣ. ಚುಚ್ಚುವ ಮುಂಚೆ ಮರಗಟ್ಟಿಸುವ ಜೆಲ್ ಅಥವಾ ಸ್ಪ್ರೇ ಹಾಕಿಸಿಕೊಳ್ಳಿ. ಒಸಡನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಜೆಲ್ ಇಟ್ಟು ಒಂದೆರಡು ನಿಮಿಷ ಬಿಡಬೇಕು. ಒದ್ದೆ ಒಸಡಿಗೆ ಹಚ್ಚಿ ತಕ್ಷಣ ಚುಚ್ಚಿದರೆ ಹಚ್ಚಿದ್ದೂ ದಂಡ. ಇನ್ನೊಂದು, ನೋವು ಚುಚ್ಚುವುದರಿಂದ ಬರುವುದಕ್ಕಿಂತ ಔಷಧಿಯನ್ನು ರಭಸವಾಗಿ ತಳ್ಳಿದಾಗ ಮಾಂಸ ಹಿಗ್ಗುವುದರಿಂದ ಹೆಚ್ಚು ಬರುತ್ತದೆ. 1 ಮಿಲಿ ಔಷಧಿಗೆ ಒಂದು ನಿಮಿಷ ತೆಗೆದುಕೊಂಡರೆ ಬಹಳಷ್ಟು ಕಡಿಮೆಯಾಗುತ್ತದೆ. ‘ಸ್ವಲ್ಪ ನಿಧಾನ ಹಾಕ್ರಿ ಡಾಕ್ಟ್ರೇ’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಅಂಗುಳಕ್ಕೆ, ಅಂದರೆ ಬಾಯಿಯ ಮೇಲ್ಛಾವಣಿಗೆ, ಹಾಕುವ ಸೂಜಿ ಮಾತ್ರ ಸ್ವಲ್ಪ ನೋಯುತ್ತದೆ. ಅಲ್ಲಿ ಚರ್ಮ ಎಲುಬಿಗೆ ಬಿಗಿಯಾಗಿ ಅಂಟಿರುವುದರಿಂದ ಔಷಧಿಗೆ ಜಾಗ ಸಾಲದು. ಇದನ್ನು ಮುಂಚೆಯೇ ತಿಳಿದಿದ್ದರೆ ಆ ಹತ್ತು ಸೆಕೆಂಡಿಗೆ ಮನಸ್ಸು ಸಿದ್ಧವಾಗಿರುತ್ತದೆ.

ಸೂಜಿ ಹಾಕಿದ ಮೇಲೆ ಎದೆ ಡವಡವ ಅಂದರೆ ಗಾಬರಿ ಬೀಳಬೇಡಿ. ಔಷಧಿ ಬೇಗ ಹರಿದುಹೋಗದಿರಲೆಂದು ಅದರಲ್ಲಿ ಸ್ವಲ್ಪ ಅಡ್ರಿನಲಿನ್ ಬೆರೆಸಿರುತ್ತಾರೆ. ಹೆದರಿದಾಗ ನಮ್ಮ ದೇಹವೇ ಸುರಿಸುವ ವಸ್ತು ಅದು, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು. ಮೇಲಿನ ಹಲ್ಲು ಎರಡು ಮೂರು ನಿಮಿಷಕ್ಕೆ ಮರಗಟ್ಟುತ್ತದೆ. ಕೆಳಗಿನ ದವಡೆಯ ಎಲುಬು ಗಟ್ಟಿ, ಹಾಗಾಗಿ ಹಿಂದೆ ನರದ ಬುಡಕ್ಕೇ ಹಾಕಬೇಕು, ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಆ ಕಡೆಯ ಕೆಳತುಟಿ ದಪ್ಪಗಾದಂತೆ ಅನ್ನಿಸಬೇಕು. ಅನ್ನಿಸದಿದ್ದರೆ ‘ತುಟಿ ಇನ್ನೂ ಜೋಮು ಹಿಡಿದಿಲ್ರೀ’ ಎಂದು ಹೇಳಲೇಬೇಕು. ಸಂಕೋಚಕ್ಕೆ ಸುಮ್ಮನಿದ್ದು ನೋವು ತಿನ್ನುವವರೇ ಮುಂದಿನ ಸಲ ಬರದೆ ಉಳಿಯುತ್ತಾರೆ.

ಕೀಳುವಾಗ ಒತ್ತಿದ್ದು, ಎಳೆದದ್ದು ಗೊತ್ತಾಗುತ್ತದೆ, ಕಟಕಟ ಸದ್ದೂ ತಲೆಯೊಳಗೆ ಕೇಳುತ್ತದೆ. ಔಷಧಿ ನೋವಿನ ತೆಳು ನರಗಳನ್ನು ಮೊದಲು ಮಲಗಿಸುತ್ತದೆ, ಒತ್ತಡ ತಿಳಿಸುವ ದಪ್ಪ ನರಗಳು ಪೂರ್ತಿ ಮಲಗುವುದಿಲ್ಲ. ಒತ್ತಡವಾದರೆ ಉಸಿರು ಬಿಡುತ್ತಾ ಇರಿ. ಚುಳುಕ್ ಅಂದರೆ ಎಡಗೈ ಎತ್ತಿ. ಡಾಕ್ಟರು ಸಾಮಾನ್ಯವಾಗಿ ಬಲಗಡೆ ಕೂತಿರುತ್ತಾರೆ, ಎಡಗೈ ಅವರ ಕೈಗೆ ತಾಗುವುದಿಲ್ಲ. ಈ ಕೈಸನ್ನೆಯನ್ನು ಬಾಯಿ ತೆರೆಯುವ ಮುಂಚೆ ಮಾತಾಡಿಕೊಳ್ಳಿ, ಶುರುವಾದ ಮೇಲೆ ಒಮ್ಮೆ ಸುಮ್ಮನೆ ಎತ್ತಿ ನೋಡಿ. ನಿಲ್ಲಿಸಿದರು ಎಂದು ಕಣ್ಣಾರೆ ಕಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಕೈ ಎತ್ತಿದರೂ ನಿಲ್ಲಿಸದ ಕಡೆಗೆ ಮತ್ತೆ ಹೋಗಬೇಡಿ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಸದ್ದಿನ ಭಯದವರು ದಿನದ ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ಬೇರೆಯವರ ಹಲ್ಲು ಕೊರೆಯುವುದನ್ನು ಕೇಳುತ್ತಾ ಕಾಯುವುದು ತಪ್ಪುತ್ತದೆ. ಕೊರೆಯುವ ಯಂತ್ರ ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಕೀರಲು ಸದ್ದು ಅದರಿಂದ. ಬಾಯಿಗೆ ಚಿಮ್ಮುವ ನೀರು ಹಲ್ಲು ಬಿಸಿಯಾಗದಂತೆ ತಡೆಯಲು. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ, ಇನ್ನೊಂದು ಕಿವಿ ಡಾಕ್ಟರ ಮಾತಿಗೆ ಇರಲಿ.

ಸೂಜಿ, ರಕ್ತ ಕಂಡರೆ ಕಣ್ಣು ಕತ್ತಲೆ ಬಂದು ಬೀಳುವವರದು ಬೇರೆಯೇ ಸಮಸ್ಯೆ. ಅವರಿಗೆ ಬಿಪಿ ದಿಢೀರನೆ ಇಳಿಯುತ್ತದೆ. ಇವರು ಆರಾಮವಾಗಲು ಪ್ರಯತ್ನಿಸಿದರೆ ಇನ್ನೂ ಇಳಿಯಬಹುದು. ಕೈ, ತೊಡೆ, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು ಬಿಗಿ ಹಿಡಿದು, ಅರ್ಧ ನಿಮಿಷ ಸಡಿಲ ಬಿಟ್ಟು, ಹೀಗೆ ಐದು ಸಲ ಮಾಡಬೇಕು. ಮನೆಯಲ್ಲಿ ಒಂದು ವಾರ ರೂಢಿಯಾದರೆ ಕುರ್ಚಿಯಲ್ಲಿ ಸಲೀಸು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಬೆಳಿಗ್ಗೆ ತಿಂಡಿ ತಿಂದು ಒಂದೆರಡು ಗಂಟೆ ಬಿಟ್ಟು ಹೋಗಿ. ಶುಗರ್, ಬಿಪಿ ಮಾತ್ರೆ ದಿನದಂತೆ ನುಂಗಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ತಾವಾಗಿ ನಿಲ್ಲಿಸದೆ, ಚೀಟಿಯನ್ನು ಜೊತೆಗೆ ಒಯ್ಯಿರಿ.

ಬಾಯಿಗೆ ಪೇಸ್ಟು ಇಟ್ಟು ಹಲ್ಲಿನ ಅಳತೆ ತೆಗೆಯುವಾಗ, ಎಕ್ಸ್‌ರೇ ಇಡುವಾಗ ಓಕರಿಕೆ ಬರುವವರು ಮೂಗಿನಲ್ಲಿ ಉಸಿರಾಡುತ್ತಾ ಒಂದು ಕಾಲನ್ನು ಕುರ್ಚಿಯಿಂದ ಸ್ವಲ್ಪ ಎತ್ತಿ ಹಿಡಿಯಲಿ, ಗಮನ ಆ ಕಡೆ ಹೋಗುತ್ತದೆ. ಅಳತೆಯ ಪೇಸ್ಟು ಗಟ್ಟಿಯಾಗಲು ಎರಡು ಮೂರು ನಿಮಿಷ ಸಾಕು.

ನಮ್ಮ ಕಡೆ ಇನ್ನೊಂದು ಭಯ ಇದೆ, ಬಾಯಿ ತೆರೆಯಲು ನಾಚಿಕೆ. ದಾವಣಗೆರೆ, ಚಿತ್ರದುರ್ಗದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಮೂಡುವ ವಯಸ್ಸಿನಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ಅದು ಕೊಳಕಲ್ಲ, ಉಜ್ಜದೇ ಬಂದದ್ದೂ ಅಲ್ಲ. ಇಲ್ಲಿನ ಡಾಕ್ಟರುಗಳಿಗೆ ಅದು ಹೊಸದೂ ಅಲ್ಲ. ಕ್ಲೀನಿಂಗ್‌ನಿಂದ ಅದು ಹೋಗದು, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಅಡಿಕೆ, ಗುಟ್ಕಾ ಅಭ್ಯಾಸವನ್ನೂ ಮುಚ್ಚಿಡಬೇಡಿ. ಮೂರು ಬೆರಳು ನಿಲ್ಲಿಸಿ ಬಾಯಿಗೆ ಹಿಡಿಸದಿದ್ದರೆ ಒಳಗಿನ ಚರ್ಮ ಬಿಗಿಯಾಗಿದೆ ಎಂದು ಅನುಮಾನ ಪಡಬೇಕು. ಅದನ್ನು ತಡಮಾಡದೆ ತೋರಿಸಬೇಕು. ಅಂಥವರಿಗೆ ಬಹಳ ಹೊತ್ತು ಬಾಯಿ ತೆರೆದಿಡುವುದೇ ಹಿಂಸೆ, ಐದೈದು ನಿಮಿಷಕ್ಕೆ ಬಿಡುವು ಕೇಳಿಕೊಳ್ಳಿ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಅನ್ನುವುದು ಸುಳ್ಳು. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತವೆ ಅನ್ನುವುದೂ ಹಾಗೆಯೇ. ಪಾಚಿ ಗಟ್ಟಿಯಾಗಿ ಹಲ್ಲುಗಳ ನಡುವೆ ತುಂಬಿಕೊಂಡಿರುತ್ತದೆ, ಅದನ್ನು ತೆಗೆದಾಗ ಮೊದಲೇ ಇದ್ದ ಸಂದು ಕಾಣುತ್ತದೆ, ಹಲ್ಲು ಸಡಿಲವಾದಂತೆ ಅನ್ನಿಸುವುದು ಅದಕ್ಕೇ.

ಕಾಲೇಜಿಗೋ ಕ್ಲಿನಿಕ್ಕಿಗೋ? ಕಾಲೇಜಿನಲ್ಲಿ ಖರ್ಚು ಕಡಿಮೆ. ಚೀಟಿ ಮಾಡಿಸಿದ ಮೇಲೆ ಮೊದಲು ಓರಲ್ ಮೆಡಿಸಿನ್ ವಿಭಾಗದಲ್ಲಿ ನೋಡಿ, ಅಲ್ಲಿಂದ ಬೇಕಾದ ವಿಭಾಗಕ್ಕೆ ಕಳಿಸುತ್ತಾರೆ. ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಹಿರಿಯರು ಬಂದು ಪರೀಕ್ಷಿಸುತ್ತಾರೆ, ಹಾಗಾಗಿ ಹೊತ್ತು ಹಿಡಿಯುತ್ತದೆ. ಆ ನಿಧಾನ ಭಯಸ್ಥರಿಗೆ ಒಳ್ಳೆಯದೇ. ತೊಂದರೆ ಇರುವುದು ಸಾಲು ಕುರ್ಚಿಗಳ ಹಾಲ್‌ನಲ್ಲಿ, ಸುತ್ತ ಎಲ್ಲರ ಯಂತ್ರದ ಸದ್ದು ಕೇಳುತ್ತದೆ. ಮೂಲೆಯ ಕುರ್ಚಿ ಕೇಳಿ ನೋಡಿ. ಸದ್ದು ಮತ್ತು ಜನ ಎರಡೂ ಆಗದವರಿಗೆ ಸಣ್ಣ ಕ್ಲಿನಿಕ್ಕೇ ವಾಸಿ.

ಇಷ್ಟೆಲ್ಲ ಮಾಡಿಯೂ ಕೂರಲಾಗದಿದ್ದರೆ ಮಂಪರಿನ ದಾರಿ ಇದೆ. ಮೂಗಿಗೆ ಮಾಸ್ಕ್ ಇಟ್ಟು ನೈಟ್ರಸ್ ಆಕ್ಸೈಡ್ ಗ್ಯಾಸನ್ನು ಆಮ್ಲಜನಕದ ಜೊತೆ ಕೊಡುತ್ತಾರೆ, ಎಚ್ಚರ ಇರುತ್ತದೆ ಆದರೆ ಭಯ ಮಾಸುತ್ತದೆ, ನಿಲ್ಲಿಸಿದ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಎಲ್ಲ ಕಡೆ ಈ ಸೌಲಭ್ಯ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಮಂಪರಿನ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟರೆ ಮಾತ್ರ ತಗೊಳ್ಳಿ, ಅಂದು ಜೊತೆಗೊಬ್ಬರು ಇರಲಿ, ಗಾಡಿ ಓಡಿಸಬೇಡಿ.

ಮಕ್ಕಳ ವಿಷಯದಲ್ಲಿ ಒಂದೇ ಮಾತು: ‘ಊಟ ಮಾಡದಿದ್ರೆ ಹಲ್ಲಿನ ಡಾಕ್ಟ್ರ ಹತ್ರ ಸೂಜಿ ಹಾಕಿಸ್ತೀನಿ’ ಎಂದು ಹೆದರಿಸಬೇಡಿ. ‘ಸ್ವಲ್ಪವೂ ನೋಯಲ್ಲ’ ಎಂಬ ಸುಳ್ಳೂ ಬೇಡ.

ಕೆಲವು ಹೊತ್ತಿನಲ್ಲಿ ಮಾತ್ರ ಭಯಕ್ಕೆ ಕಾಲಾವಕಾಶ ಕೊಡಬಾರದು. ಊತ ದವಡೆಯ ಕೆಳಗೆ ಕುತ್ತಿಗೆಗೆ ಇಳಿದರೆ, ಕಣ್ಣಿನ ಕಡೆ ಏರಿದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಉಸಿರಾಟ ಕಷ್ಟವಾದರೆ ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ. ನೋಯುವ ಹಲ್ಲಿಗೆ ಹೊಗೆಸೊಪ್ಪು, ಸುಣ್ಣ ಒತ್ತುವುದು, ಒಸಡಿನ ಮೇಲೆ ಮಾತ್ರೆ ಇಡುವುದು ಬೇಡ, ಮಾಂಸ ಸುಡುತ್ತದೆ.

ಹಲ್ಲು ಕೀಳಿಸಿದ ದಿನ ಹತ್ತಿಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. 24 ಗಂಟೆ ಉಗುಳುವುದು, ಮುಕ್ಕಳಿಸುವುದು, ಸ್ಟ್ರಾದಲ್ಲಿ ಹೀರುವುದು ಬೇಡ. ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಮೂರು ನಾಲ್ಕನೇ ದಿನ ಎಲುಬು ತೆರೆದು ಭಾರಿ ನೋವಾಗುತ್ತದೆ, ಹಾಗಾದರೆ ಮತ್ತೆ ತೋರಿಸಬೇಕು. ಜೋಮು ಎರಡು ಮೂರು ಗಂಟೆ ಇರುತ್ತದೆ, ಅಲ್ಲಿಯವರೆಗೆ ಬಿಸಿ ಕಾಫಿ ಬೇಡ, ತುಟಿ ಸುಟ್ಟದ್ದೂ ತಿಳಿಯುವುದಿಲ್ಲ. ಆರಿದ ಗಂಜಿ, ಮೊಸರನ್ನ ಸಾಕು. ಖಾರ ಮಂಡಕ್ಕಿಗೆ ಒಂದು ವಾರ ರಜೆ ಕೊಡಿ, ಅದರ ಪುಡಿ ಗುಳಿಯೊಳಗೆ ಕೂರುತ್ತದೆ. ಹೊರಡುವ ಮುಂಚೆ ಕೌಂಟರ್‌ನಲ್ಲಿ ಮುಂದಿನ ತಾರೀಖು ಬರೆಸಿಕೊಳ್ಳಿ, ಆರು ತಿಂಗಳ ಆಚೆಯದು, ಕ್ಲೀನಿಂಗ್‌ಗೆ ಅಥವಾ ಸುಮ್ಮನೆ ತೋರಿಸುವುದಕ್ಕೆ.