ದಿನಕ್ಕೆ ಎಷ್ಟು ಪುಸ್ತಕ ಮಾರಬೇಕು?

ಧಾರವಾಡದಲ್ಲಿ ಒಂದು ಸಣ್ಣ ಪುಸ್ತಕದಂಗಡಿ ತೆರೆಯುವ ಸಿದ್ಧತೆಯಲ್ಲಿರುವ ನಾನು ಮಳಿಗೆ ಹುಡುಕುವುದಕ್ಕೂ ಮೊದಲು ಲೆಕ್ಕ ಹಾಕಲು ಕುಳಿತಿದ್ದೇನೆ. 1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆ ಹುಟ್ಟಿದ ಈ ಊರಿನಲ್ಲಿ ಓದುಗರಿಗೆ ಬರವಿಲ್ಲ ಎಂಬ ನಂಬಿಕೆ ನನಗಿದೆ. ಆದರೆ ಆ ನಂಬಿಕೆಯಿಂದ ತಿಂಗಳ ಬಾಡಿಗೆ ಕಟ್ಟಲಾಗುವುದಿಲ್ಲ.

ತಿಂಗಳಿಗೆ ಬಾಡಿಗೆ 12,000, ಅರ್ಧ ದಿನ ಬರುವ ಸಹಾಯಕರಿಗೆ 8,000, ವಿದ್ಯುತ್ತು, ಇಂಟರ್ನೆಟ್, ಸಾಗಣೆ ಎಲ್ಲ ಸೇರಿ 5,000, ನನ್ನ ಸಂಬಳ 15,000 ಎಂದಿಟ್ಟುಕೊಂಡರೆ ಒಟ್ಟು ಖರ್ಚು 40,000 ರೂಪಾಯಿ. ಸ್ವಂತ ದುಡಿಮೆಗೆ ಬೆಲೆ ಕಟ್ಟದೆ ಅಂಗಡಿ ಲಾಭದಲ್ಲಿದೆ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ, ಆದ್ದರಿಂದ ಸಂಬಳ ಮೊದಲ ತಿಂಗಳಿಂದಲೇ ಖರ್ಚಿನಲ್ಲಿ ಸೇರಬೇಕು. ಪ್ರಕಾಶಕರು ಶೇ. 30 ರಿಯಾಯಿತಿ ಕೊಟ್ಟರೆ, 200 ರೂಪಾಯಿ ಮುಖಬೆಲೆಯ ಪುಸ್ತಕದಲ್ಲಿ ಅಂಗಡಿಗೆ ಉಳಿಯುವುದು 60 ರೂಪಾಯಿ. ಹಾಗಾದರೆ ತಿಂಗಳಿಗೆ 667 ಪುಸ್ತಕ, ಅಂದರೆ 26 ದಿನಗಳ ವ್ಯಾಪಾರದಲ್ಲಿ ದಿನಕ್ಕೆ ಸುಮಾರು 26 ಪುಸ್ತಕ ಮಾರಾಟವಾಗಬೇಕು. ಇನ್ನು ಗ್ರಾಹಕರಿಗೆ ಶೇ. 10 ರಿಯಾಯಿತಿ ಕೊಡಲು ಹೊರಟರೆ ಉಳಿಯುವುದು 40 ರೂಪಾಯಿಯಷ್ಟೇ. ಅದೇ ಖರ್ಚಿಗೆ ತಿಂಗಳಿಗೆ 1,000 ಪುಸ್ತಕ ಬೇಕು. ಮುಖಬೆಲೆಯಲ್ಲಿ ಕಾಣುವ ಹತ್ತನೆಯ ಒಂದು ಪಾಲು ಅಂಗಡಿಯ ಗಳಿಕೆಯಲ್ಲಿ ಮೂರನೆಯ ಒಂದು ಪಾಲಾಗುತ್ತದೆ. ಆನ್‌ಲೈನ್ ಮಾರಾಟಗಾರರ ಬೆಲೆಯ ಜೊತೆ ಪೈಪೋಟಿಗೆ ಇಳಿಯಬಾರದೆಂದು ನಾನು ನಿರ್ಧರಿಸಿರುವುದು ಈ ಕಾರಣಕ್ಕೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ದಾಸ್ತಾನಿನದು. 3 ಲಕ್ಷ ರೂಪಾಯಿಯ ಪುಸ್ತಕ ಕೊಂಡು ಕಪಾಟು ತುಂಬಿದರೆ, ಮೇಲಿನ ಲೆಕ್ಕದಂತೆ ತಿಂಗಳಿಗೆ ಸುಮಾರು 93,000 ರೂಪಾಯಿಯ ಖರೀದಿ ಬೆಲೆಯ ಸರಕು ಹೊರಹೋಗಬೇಕು, ಅಂದರೆ ಇಡೀ ದಾಸ್ತಾನು ಮೂರೂಕಾಲು ತಿಂಗಳಿಗೊಮ್ಮೆ ಪೂರ್ತಿ ಮಾರಾಟವಾಗಬೇಕು. ಕವನ ಸಂಕಲನ ಆ ವೇಗದಲ್ಲಿ ಹೋಗುವುದಿಲ್ಲ. ಸಪ್ತಾಪುರದ ಕೋಚಿಂಗ್ ಕೇಂದ್ರಗಳ ವಿದ್ಯಾರ್ಥಿಗಳು ಕೇಳುವ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಬೇಗ ಖರ್ಚಾಗುತ್ತವೆ, ಆದರೆ ಹೊಸ ಆವೃತ್ತಿ ಬಂದ ದಿನವೇ ಹಳೆಯ ಪ್ರಚಲಿತ ವಿದ್ಯಮಾನಗಳ ಪುಸ್ತಕ ರದ್ದಿಯ ತೂಕಕ್ಕೆ ಇಳಿಯುತ್ತದೆ. ಹೀಗಾಗಿ ಪರೀಕ್ಷಾ ಪುಸ್ತಕಗಳನ್ನು ನಗದಿಗೆ, ಸ್ವಲ್ಪ ಸ್ವಲ್ಪವಾಗಿ ತರುವುದು. ಸಾಹಿತ್ಯ ಕೃತಿಗಳನ್ನು ಸಾಧ್ಯವಾದಷ್ಟೂ ಮಾರಾಟವಾದ ಮೇಲೆ ಹಣ ಕೊಡುವ, ಉಳಿದದ್ದನ್ನು ಹಿಂದಿರುಗಿಸುವ ಕರಾರಿನ ಮೇಲೆ ಪಡೆಯುವುದು ಎಂಬುದು ನನ್ನ ಯೋಜನೆ. ಅದಕ್ಕಾಗಿ ಒಂದು ವಹಿ ಇಟ್ಟಿದ್ದೇನೆ: ಪ್ರಕಾಶಕರಿಗೆ ಒಂದೊಂದು ಪುಟ, ಅದರಲ್ಲಿ ಬಂದ ಪ್ರತಿ, ಮಾರಿದ ಪ್ರತಿ, ಮರಳಿಸಿದ ಪ್ರತಿ, ಕೊಡಬೇಕಾದ ಹಣ ಎಂಬ ನಾಲ್ಕು ಅಂಕಣ. ಕೊನೆಯ ಅಂಕಣದ ಮೊತ್ತ ಅಂಗಡಿಯದಲ್ಲ, ಪ್ರಕಾಶಕರದು. ಅದು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಆ ಹಣದಿಂದ ಬಾಡಿಗೆ ಕಟ್ಟುವ ಅಭ್ಯಾಸ ಒಮ್ಮೆ ಶುರುವಾದರೆ ಪ್ರಕಾಶಕರ ವಿಶ್ವಾಸ ಉಳಿಯುವುದಿಲ್ಲ.

ತೆರಿಗೆಯ ಮಾತು ಚಿಕ್ಕದು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಅದೇ ಕಾರಣಕ್ಕೆ ಕಂಪ್ಯೂಟರು, ಕಪಾಟುಗಳಿಗೆ ಕಟ್ಟಿದ ಜಿಎಸ್‌ಟಿ ಮರಳಿ ಸಿಗುವುದೂ ಇಲ್ಲ. ಅದನ್ನು ಬಂಡವಾಳದಲ್ಲೇ ಸೇರಿಸಿಕೊಳ್ಳಬೇಕು.

ದಾಸ್ತಾನಿಗೆ 3 ಲಕ್ಷ, ಹತ್ತು ತಿಂಗಳ ಬಾಡಿಗೆಯ ಠೇವಣಿ 1.2 ಲಕ್ಷ, ಕಪಾಟು, ದೀಪ, ಕಂಪ್ಯೂಟರಿಗೆ 1 ಲಕ್ಷ, ಆರು ತಿಂಗಳ ಖರ್ಚಿಗೆ ಮೀಸಲು 2.4 ಲಕ್ಷ, ಒಟ್ಟು 7.6 ಲಕ್ಷ. ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆಯಾದರೂ ಅಷ್ಟನ್ನು ತೆಗೆದುಕೊಳ್ಳುವ ಧೈರ್ಯ ನನಗಿಲ್ಲ, ಏಕೆಂದರೆ ಪ್ರತಿ 6,000 ರೂಪಾಯಿ ಕಂತಿಗೆ ಇನ್ನೂ 100 ಪುಸ್ತಕ ಮಾರಬೇಕಾಗುತ್ತದೆ. ಕರಾರಿನ ಮೇಲೆ ಪುಸ್ತಕ ಕೊಡಲು ಎಷ್ಟು ಪ್ರಕಾಶಕರು ಒಪ್ಪುತ್ತಾರೆ ಎಂಬುದು ತಿಳಿದ ಮೇಲೆ ದಾಸ್ತಾನಿನ ಮೊತ್ತ ಇಳಿಯುತ್ತದೆ, ಸಾಲದ ಅರ್ಜಿಯನ್ನು ಆಗ ಬರೆಯುತ್ತೇನೆ.